ಖಾಸಿಂಸಾಬನ ಮೋಟಾರ್ ಪುಸ್ತಕ

ರಶೀದಾ, ನಿನ್ನ ಅಬ್ಬಾ ಸುಳ್ಳು ಹೇಳಿರಲಿಲ್ಲ. ಸುಳ್ಳು ಓದಿದವನು ನಾನು.

ಆ ಕಪ್ಪು ರಟ್ಟಿನ ಪುಸ್ತಕದಲ್ಲಿ ಕುದುರೆ ಔಷಧಿಯ ಒಂದು ಅಕ್ಷರವೂ ಇರಲಿಲ್ಲ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಇದ್ದದ್ದು ಮೋಟಾರು — ಆ ಮೋಟಾರು, ಮತ್ತು ಅದನ್ನು ಓಡಿಸಿದ ನಿನ್ನ ಅಬ್ಬಾ. ತಿಳಿಯದೆ ತಪ್ಪು ಓದಿದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ. ಅದು ನನ್ನ ತಂದೆಯ ಕೈಬರಹ. ನಾನು ಅಕ್ಷರ ಕಲಿತದ್ದೇ ಆ ಕೈಯನ್ನು ನೋಡಿ.

ಇಷ್ಟು ಬರೆದರೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಹೋದ ತಿಂಗಳು ನಾನು ಮಸ್ಕಿಗೆ ಬಂದಾಗ ನೀನು ಹೊಲಿಗೆ ಮಷೀನು ಬಿಟ್ಟೆದ್ದು ಕುರ್ಚಿ ಹಾಕಿದೆ, ಸೆರಗಿನಿಂದ ಧೂಳು ಒರೆಸಿದೆ, ಕೇಳದೆ ಚಹಾ ಕೊಟ್ಟೆ. ನಾನು ಎಂಥ ಮನುಷ್ಯನೆಂದು ಗೊತ್ತಿದ್ದರೆ ಕೊಡುತ್ತಿರಲಿಲ್ಲ. ಅದನ್ನು ಗೊತ್ತು ಮಾಡುವುದಕ್ಕೇ ಈ ಕಾಗದ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಕೋಣೆ ನೀನು ನೋಡಿದ್ದೀ. ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕಸುಬು. ಮಸೀದಿಯ ಮೌಲ್ವಿ ಅಚ್ಚಿನ ಉರ್ದು ಓದುತ್ತಾನೆ. ಆದರೆ ಆಗಿನ ಮುನ್ಷಿಗಳು ಬರೆಯುತ್ತಿದ್ದ ಶಿಕಸ್ತ — ಚುಕ್ಕೆ ಬಿಟ್ಟು, ಅಕ್ಷರ ಮುರಿದು, ಒಂದರೊಳಗೊಂದು ಎಳೆದು ಬರೆಯುವ ಆ ಓಟದ ಬರಹ — ಅದರ ಮುಂದೆ ಅವನೂ ತಲೆ ಕೆರೆದುಕೊಳ್ಳುತ್ತಾನೆ. ಮೂರು ತಾಲ್ಲೂಕಿನಲ್ಲಿ ಅದನ್ನು ನೀರು ಕುಡಿದಂತೆ ಓದುವವನು ನಾನೊಬ್ಬ. ಜನ ಹೊಲದ ಕಾಗದ, ಮನೆಯ ಕಾಗದ ಎದೆಗೊತ್ತಿಕೊಂಡು ಬಂದು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಅವರಜ್ಜ ಏನು ಬರೆಸಿಟ್ಟಿದ್ದಾನೆ ಎಂದು ತಿಳಿಯಲು ನನ್ನ ಬಾಯಿ ನೋಡಬೇಕು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ನಲವತ್ತು ವರ್ಷ ಇಟ್ಟುಕೊಂಡದ್ದನ್ನೇ ತಿಳಿಯದ ದಡ್ಡರು ಎಂದುಕೊಳ್ಳುತ್ತಿದ್ದೆ. ಬೇಕೆಂತಲೇ ಕಾಯಿಸುತ್ತಿದ್ದೆ. ಕನ್ನಡಕ ಒರೆಸುತ್ತ, ಕೆಮ್ಮುತ್ತ, ಕಿಟಕಿಯ ಹೊರಗೆ ನೋಡುತ್ತ... ನಾನು ಓದಿದ್ದೇ ಅದರಲ್ಲಿದ್ದದ್ದು. ತಪ್ಪೆನ್ನುವವರು ಯಾರು?

ಆದರೂ ಆ ದಿನದ ತನಕ ಒಂದು ಕಾಗದವನ್ನೂ ನಾನು ಸುಳ್ಳು ಓದಿರಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಓದುವ ಮನುಷ್ಯನಿಗೆ ಇರಬೇಕಾದ ಒಂದೇ ಒಂದು ಮರ್ಯಾದೆ ನನ್ನಲ್ಲೂ ಇತ್ತು, ಅದನ್ನು ಯಾರಿಗಾಗಿ ಕಳೆದೆ ಎಂಬುದು ನಿನಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ನಮ್ಮ ಮನೆಗೆ ಲಿಂಗಸುಗೂರಿನಲ್ಲಿ ಮೋಟಾರ್ ಮುನ್ಷಿ ಮನೆ ಎಂದು ಹೆಸರು. ಎರಡನೇ ದೊಡ್ಡ ಲಡಾಯಿ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲು, ನಾನಿನ್ನೂ ಸಣ್ಣವನಿದ್ದಾಗ, ವಿಲಾಯತಿಯಿಂದ ಹಡಗಿನಲ್ಲಿ ಒಂದು ಮೋಟಾರು ಬಂತು. ಇನ್ನೂ ಮಾರಾಟಕ್ಕೆ ಬಿಡದ, ಪ್ರಯೋಗಕ್ಕೆಂದು ಕಟ್ಟಿದ ಒಂದೇ ಗಾಡಿ. ಅದಕ್ಕೆ ಹೆಸರೂ ಇಟ್ಟಿರಲಿಲ್ಲ — ಮೂತಿಯ ಮೇಲೆ ಬಿಲ್ಲೆ ಇರಬೇಕಾದ ಕಡೆ ಬರೀ ಎರಡು ತೂತು. ನವಾಬರಿಗೆ, ಸರದಾರರಿಗೆ ಮಾರುವ ಮುಂಚೆ ಈ ಕಡೆಯ ಬಿಸಿಲು, ಎರೆಮಣ್ಣಿನ ಧೂಳು, ಸೇತುವೆಯಿಲ್ಲದ ಹಳ್ಳ ಎಲ್ಲ ತಡೆದೀತೇ ಎಂದು ನೋಡಲು ಒಬ್ಬ ಇಂಗ್ಲಿಷ್ ಇಂಜಿನಿಯರ್ ಅದನ್ನು ನಮ್ಮೂರಿಗೆ ತಂದ. ಒಬ್ಬ ಜಾಗೀರದಾರರು ಅವನಿಗೆ ಇಳಿದುಕೊಳ್ಳಲು ಜಾಗ ಕೊಟ್ಟರು, ಬರೆದುಕೊಳ್ಳಲು ತಮ್ಮ ಮುನ್ಷಿಯನ್ನು ಕೊಟ್ಟರು. ಆ ಮುನ್ಷಿ ನನ್ನ ತಂದೆ. ಗಾಡಿಯ ಕೆಲಸಕ್ಕೆ ಸಿಕ್ಕ ಮೇಸ್ತ್ರಿ ನಿನ್ನ ಅಬ್ಬಾ.

ಮುಂದಿನದನ್ನು ನನ್ನ ತಂದೆ ಸಾಯುವ ತನಕ ಹೀಗೆ ಹೇಳುತ್ತಿದ್ದರು: ಇಂಜಿನಿಯರಿಗೆ ಚಳಿಜ್ವರ ಬಂತು, ಹಾಸಿಗೆ ಹಿಡಿದ, ಪ್ರಯೋಗ ನಿಲ್ಲುವಂತಿಲ್ಲ, ಆಗ ತಾವೇ ಸ್ಟೇರಿಂಗ್ ಹಿಡಿದು ನಾಲ್ಕು ದಿನ ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು, ಮತ್ತೆ ವಾಪಸು ಓಡಿಸಿದರು. ನಾನು ಈ ಕಥೆಯನ್ನು ಶಾಲೆಯ ಗ್ಯಾದರಿಂಗಿನಲ್ಲಿ ಹೇಳಿದ್ದೇನೆ, ಮದುವೆಗಳಲ್ಲಿ ಹೇಳಿದ್ದೇನೆ, ಹೊಸದಾಗಿ ಬಂದ ಸಾಹೇಬರಿಗೆಲ್ಲ ಹೇಳಿದ್ದೇನೆ.

ಇದೇ ಕಥೆಯನ್ನು ಮಸ್ಕಿಯಲ್ಲಿ ನಿನ್ನ ಅಬ್ಬಾನೂ ಹೇಳುತ್ತಿದ್ದ. ಅವನ ಕಥೆಯಲ್ಲಿ ಸ್ಟೇರಿಂಗ್ ಅವನ ಕೈಯಲ್ಲಿತ್ತು.

ಮುನ್ಷಿ ಹೇಳಿದ್ದನ್ನು ನಂಬಬೇಕೋ, ಲಾರಿಯ ಹೊಟ್ಟೆಯ ಕೆಳಗೆ ಮಲಗಿ ಎಣ್ಣೆ ಮೆತ್ತಿಕೊಂಡ ಮೇಸ್ತ್ರಿ ಹೇಳಿದ್ದನ್ನು ನಂಬಬೇಕೋ? ಊರಿಗೆ ಇದರಲ್ಲಿ ಯೋಚಿಸುವಂಥದೇನೂ ಇರಲಿಲ್ಲ. ಅವನಿಗೆ ಬಂಡಲ್ ಖಾಸಿಂ ಎಂದು ಹೆಸರು ಬಿತ್ತು. ಆ ಹೆಸರು ನಿನ್ನ ಬೆನ್ನಿಗೂ ಬಂತು. ಗಂಡನ ಮನೆಯಲ್ಲಿ ಹಾಲು ಒಡೆಯಿತು ಎಂದರೂ, ‘ಬಂಡಲ್ ಖಾಸಿಮನ ಮಗಳ ಮಾತು, ಪಾತೇಲಿ ನೋಡ್ರಿ ಮೊದಲ’ ಎಂದು ನಗುತ್ತಿದ್ದರಂತೆ. ಇದು ನನ್ನ ಕಿವಿಗೂ ಬಿದ್ದಿತ್ತು. ನಾನೂ ನಕ್ಕಿದ್ದೆ.

ಆಮೇಲೆ ಆ ಸುಬ್ಬರಾವ್ ಬಂದ. ಸಿಂಧನೂರಿನ ಆಚೆಯ ಕ್ಯಾಂಪಿನವನು, ಕಾಲುವೆ ನೀರು ಬಂದಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದು ಅಕ್ಕಿ ಮಿಲ್ಲು ಕಟ್ಟಿದವನು. ಅವನಿಗೆ ಹಳೆಯ ಗಾಡಿಗಳ ಹುಚ್ಚು. ಪ್ರಯೋಗ ಮುಗಿದಮೇಲೆ ಇಲ್ಲೇ ಉಳಿದು, ಯಾವುದೋ ಹಾಳು ವಾಡೆಯ ಕೊಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದ ಆ ಮೋಟಾರನ್ನು ಹುಡುಕಿ ತಂದು ಎರಡು ವರ್ಷ ರಿಪೇರಿ ಮಾಡಿಸಿದ. ಎಂಬತ್ತರ ದಶಕದ ನಡುವಿನ ಮಾತು. ಅದನ್ನು ಮತ್ತೆ ಅದೇ ದಾರಿಯಲ್ಲಿ, ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಓಡಿಸಬೇಕು, ಅವತ್ತು ಓಡಿಸಿದವರು ಬದುಕಿದ್ದರೆ ಅವರನ್ನೇ ಸ್ಟೇರಿಂಗಿಗೆ ಕೂರಿಸಬೇಕು, ಇಲ್ಲದಿದ್ದರೆ ಅವರ ಮಗನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹಾರ ಹಾಕಬೇಕು — ಹೀಗೆಲ್ಲ ಅವನ ಆಸೆ. ಎಲ್ಲರೂ ನಮ್ಮ ಮನೆ ತೋರಿಸಿದರು. ನಾನು ಕರಿ ಕೋಟು ಒಗೆಯಲು ಹಾಕಿದೆ.

ಅದರ ಮಾರನೇ ವಾರ ನೀವಿಬ್ಬರು ನನ್ನ ಕೋಣೆಗೆ ಬಂದಿರಿ. ನಿನ್ನ ಅಬ್ಬಾನಿಗೆ ಆಗಲೇ ಎಪ್ಪತ್ತರ ಹತ್ತಿರ. ಬಿಳಿ ಪೈಜಾಮ ಹಾಕಿಕೊಂಡು ಬಂದಿದ್ದ, ಆದರೂ ಅವನಿಂದ ಗ್ರೀಸಿನ ವಾಸನೆ ಹೋಗಿರಲಿಲ್ಲ. ಚಾಪೆಯ ಮೇಲೆ ಕೂರದೆ ನಿಂತೇ ಇದ್ದ. ರುಮಾಲಿನಲ್ಲಿ ಸುತ್ತಿದ್ದ ಪುಸ್ತಕ ಬಿಚ್ಚಿ ನನ್ನ ಮುಂದೆ ಇಟ್ಟ.

"ಮುನ್ಷಿ ಸಾಬ್ರ, ಇದು ನಿಮ್ಮ ತಂದಿಯವರು ಬರದದ್ದು. ಸುಬ್ಬರಾವ್ ಸಾಹುಕಾರ್ರಿಗೆ ತೋರಿಸಿನ್ರಿ. ಓದಿಸ್ಕೊಂಡು ಬಾ, ಖರೇ ಇದ್ರ ಗಾಡಿ ನಿನ್ನ ಕೈಯಾಗ ಕೊಡ್ತೀನಿ ಅಂದಾರ. ಬ್ಯಾರೇದೋರು ಓದಿದ್ರ ಮಂದಿ ನಂಬಂಗಿಲ್ಲ. ನೀವ ಓದ್ರಿ."

ನೀನು ಬಾಗಿಲ ಹತ್ತಿರ ನಿಂತು ಹೇಳಿದ್ದು ನನಗೆ ಈಗಲೂ ಹಾಗೇ ಕೇಳಿಸುತ್ತದೆ.

"ಕಾಕಾ, ಇದ್ದದ್ದು ಇದ್ದಂಗ ಹೇಳ್ರಿ. ಇಲ್ಲ ಅಂದ್ರ ಇಲ್ಲ ಅನ್ರಿ. ಸಣ್ಣಾಕಿ ಇದ್ದಾಗಿಂದ ಇದನ್ನ ಕೇಳಾಕತ್ತೀನಿ. ನಂಬಬೇಕೋ ಬಿಡಬೇಕೋ, ಒಂದು ಆಗಿ ಹೋಗ್ಲಿ."

ನಾನು ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಅಂಚಿಗೆ ಸರಿಸಿದೆ. "ಬಿಟ್ಟು ಹೋಗ್ರಿ. ನಾಳಿ ಸಾಹುಕಾರನ್ನೂ ಕರಕೊಂಡು ಬರ್ರಿ," ಎಂದೆ. ನೀವು ಓಣಿ ದಾಟುವ ತನಕ ತೆರೆಯಲಿಲ್ಲ.

ಓದಿದೆ. ಊಟಕ್ಕೆ ಏಳದೆ ಓದಿದೆ.

ಆ ಇಂಜಿನಿಯರನ ಪರೀಕ್ಷೆಯ ರೀತಿ ವಿಚಿತ್ರವಾಗಿತ್ತು. ದೊಡ್ಡವರು ಹಿಂದಿನ ಸೀಟಿನಲ್ಲಿ ಕೂತು ಕಾಗದಕ್ಕೆ ಸಹಿ ಹಾಕಿದರೂ ಕೈ ಅಲುಗಬಾರದು, ಗಾಡಿ ಅಷ್ಟು ನುಣುಪಾಗಿ ಓಡಬೇಕು. ಹಾಗಾಗಿ ಮುನ್ಷಿ ಹಿಂದೆ ಕೂತು, ಓಡುವ ಗಾಡಿಯಲ್ಲೇ, ದಾರಿಯುದ್ದಕ್ಕೂ ಬರೆಯುತ್ತ ಹೋಗಬೇಕು. ಅಕ್ಷರ ನೆಟ್ಟಗಿದ್ದರೆ ಸ್ಪ್ರಿಂಗು ಸರಿಯಿವೆ. ಸೊಟ್ಟಗಾದರೆ ಆ ಜಾಗದಲ್ಲಿ ಗಾಡಿ ಕುಲುಕಿದೆ. ನನ್ನ ತಂದೆಯ ಬರಹವೇ ಅಲ್ಲಿ ಅಳತೆಗೋಲು. ದಿನದ ಕೊನೆಗೆ ‘ಚಲಾಯಿಸಿದವನು’ ಎಂದು ಬರೆದು, ಅದರ ಮುಂದೆ ಓಡಿಸಿದವನ ಸಹಿ. ನಡುವೆ ಕಾರ್ಬನ್ ಹಾಳೆ ಇಟ್ಟು ಬರೆದದ್ದರಿಂದ ಒಂದೇ ಬರಹದ ಎರಡು ಪುಸ್ತಕ. ಒಂದು ಇಂಜಿನಿಯರಿಗೆ, ಇನ್ನೊಂದು ಓಡಿಸಿದವನಿಗೆ, ಮುಂದೆ ಎಲ್ಲಾದರೂ ನೌಕರಿಗೆ ತೋರಿಸಲು. ನಿಮ್ಮ ಮನೆಯಲ್ಲಿದ್ದದ್ದು ಅದು. ನಾಲ್ಕೂ ದಿನದ ಕೊನೆಗೆ ಸಹಿಯ ಜಾಗದಲ್ಲಿ ಒಬ್ಬನದೇ ಹೆಬ್ಬೆಟ್ಟು. ಪಕ್ಕದಲ್ಲಿ ನನ್ನ ತಂದೆಯ ಕೈಯಲ್ಲಿ ಖಾಸಿಂ ಎಂಬ ಹೆಸರು.

ಲಿಂಗಸುಗೂರು ಬಿಟ್ಟಾಗ ಅಕ್ಷರ ಮುತ್ತು ಪೋಣಿಸಿದಂತಿದ್ದವು. ಮಸ್ಕಿ ಹತ್ತಿರವಾದಂತೆ ಸಾಲು ಹರಡಿ ಹೋಗಿತ್ತು. ರಸ್ತೆ ಕೆಟ್ಟದ್ದಿರಬೇಕು ಎಂದುಕೊಂಡೆ. ಆದರೆ ಅದೇ ಸಾಲಿನಲ್ಲಿ ಅವರೇ ಬರೆದಿದ್ದರು: ‘ಗಾಡಿ ಅಲುಗುತ್ತಿಲ್ಲ. ನಡುಗುತ್ತಿರುವುದು ನನ್ನ ಕೈ. ಖಾಸಿಂ ಬಹಳ ಜೋರಾಗಿ ಓಡಿಸುತ್ತಿದ್ದಾನೆ. ನಿಲ್ಲಿಸೆಂದು ಎರಡು ಸಲ ಹೇಳಿದೆ.’ ಮುಂದಿನ ಹಾಳೆಯಲ್ಲಿ, ‘ಹಳ್ಳದಲ್ಲಿ ನಾನು ಇಳಿದು ಒಬ್ಬ ಆಳಿನ ಹೆಗಲೇರಿ ದಾಟಿದೆ. ಖಾಸಿಂ ಮೊದಲು ಬರಿಗಾಲಲ್ಲಿ ನಡೆದು ನೀರಿನ ಆಳ ನೋಡಿ, ಆಮೇಲೆ ಗಾಡಿ ಇಳಿಸಿದ.’

ಮಸ್ಕಿಯ ಏರಿನ ಬಗ್ಗೆ ಒಂದು ಇಡೀ ಹಾಳೆ. ಆ ಗಾಡಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ, ಕಿಟಕಿಯ ಪಟ್ಟಿಗಳಂಥ ತಗಡಿನ ರೆಪ್ಪೆಗಳು. ಇಂಜಿನ್ನು ಕಾದರೆ ತಾವೇ ತೆರೆಯಬೇಕು, ತಣ್ಣಗಾದರೆ ಮುಚ್ಚಬೇಕು. ಪ್ರಯೋಗ ಇದ್ದದ್ದೇ ಮುಖ್ಯವಾಗಿ ಅದರದು. ಎರೆಮಣ್ಣಿನ ಧೂಳು ಕೂತು ಅವು ಕಚ್ಚಿಕೊಂಡವು, ಹಬೆ ಎದ್ದಿತು. ‘ಸಿಡಿಯುತ್ತದೆಂದು ನಾನು ದೂರ ಹೋಗಿ ನಿಂತೆ. ಖಾಸಿಂ ಎಡಗಡೆ ಕೆಳಗೆ ಕೈ ಹಾಕಿ ಒಂದು ಕೊಂಡಿ ಕಳಚಿದ. ಆಮೇಲೆ ರೆಪ್ಪೆ ಎತ್ತಿ ಬೇವಿನ ಕಡ್ಡಿ ಸಿಕ್ಕಿಸಿದ. ಗಾಡಿ ಹೊರಟಿತು.’

ನನ್ನ ತಂದೆ ಬರೆಯುವಾಗ ಸುಳ್ಳು ಬರೆಯಲಿಲ್ಲ, ರಶೀದಾ. ಹೆದರಿದ್ದನ್ನೂ ಬರೆದರು. ಬಾಯಲ್ಲಿ ಬೇರೆ ಹೇಳತೊಡಗಿದ್ದು ಆಮೇಲೆ — ಯಾವಾಗ, ಯಾರ ಮುಂದೆ ಮೊದಲ ಸಲ... ತಿಳಿಯದು. ಬರಹದ ಒಂದು ಕಾಪಿ ವಿಲಾಯತಿಗೆ ಹೋಯಿತು, ಇನ್ನೊಂದು ಓದಲು ಬಾರದವನ ಪೆಟ್ಟಿಗೆಯಲ್ಲಿದೆ ಎಂಬ ಧೈರ್ಯ ಅವರಿಗೆ ಇದ್ದಿರಬೇಕು.

ಆ ಮಧ್ಯಾಹ್ನ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಂದದ್ದು ಸಿಟ್ಟು, ಅದೂ ನಿನ್ನ ಅಬ್ಬಾನ ಮೇಲೆ. ಹೆಬ್ಬೆಟ್ಟಿನ ಮನುಷ್ಯ, ನನ್ನ ತಂದೆಯ ನಡುಗುವ ಕೈಯನ್ನು ಐವತ್ತು ವರ್ಷ ರುಮಾಲಿನಲ್ಲಿ ಸುತ್ತಿಟ್ಟುಕೊಂಡಿದ್ದನಲ್ಲ! ಅದನ್ನು ಬಜಾರಿನಲ್ಲಿ ಬಿಚ್ಚಲು ನನ್ನ ನಾಲಗೆಯನ್ನೇ ಬಾಡಿಗೆಗೆ ಕೇಳುತ್ತಾನಲ್ಲ! ಈಗ ಬರೆಯುವಾಗ ಕಾಣಿಸುತ್ತದೆ — ಅವನು ಕೇಳಿದ್ದು ಸೇಡಲ್ಲ. ನಮ್ಮ ಮನೆಯ ಹೆಸರನ್ನೇ ಸಾಕ್ಷಿಗೆ ಕರೆದಿದ್ದ, ಅಷ್ಟು ನಂಬಿಕೆ ನಮ್ಮ ಮೇಲೆ. ಆಗ ಅದು ನನಗೆ ಸೊಕ್ಕಾಗಿ ಕಂಡಿತು.

ಮರುದಿನ ಕೋಣೆ ತುಂಬಿತ್ತು. ಸುಬ್ಬರಾವ್ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಇದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದ. ಓಣಿಯ ಹತ್ತಾರು ಜನ ಬಾಗಿಲಲ್ಲಿ. ನಾನು ಕನ್ನಡಕ ಏರಿಸಿ ಗಂಟಲು ಸರಿಮಾಡಿಕೊಂಡೆ. ನನ್ನ ತಂದೆಯ ಅಕ್ಷರದ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತ ಓದಿದೆ — ಹೊಟ್ಟೆ ಉಬ್ಬರಕ್ಕೆ ಓಮ, ಇಂಗು, ಕರಿ ಉಪ್ಪು. ಗೊರಸಿನ ಹುಣ್ಣಿಗೆ ಬೇವಿನೆಣ್ಣೆ, ಅರಿಶಿನ. ಕೆಮ್ಮಿಗೆ ಬೆಲ್ಲ, ಶುಂಠಿ. ಬಾಯಿಗೆ ಬಂದದ್ದು. ಎಷ್ಟು ಸರಾಗವಾಗಿ ಬಂತು!

"ಇದು ಜಾಗೀರದಾರರ ಲಾಯದ ಪುಸ್ತಕ," ಎಂದೆ. "ಕುದುರಿ ಔಷಧಿ. ಮೋಟಾರಿನ ಸುದ್ದಿ ಇದರಾಗ ಎಲ್ಲೂ ಇಲ್ಲ."

ಸುಬ್ಬರಾವ್ ಬಗ್ಗಿ ನೋಡಿದ. "ಮತ್ತೆ, ಈ ಬೊಟ್ಟಿನ ಗುರುತು ಏನ್ರಿ?"

"ಔಷಧಿ ಒಯ್ದ ಆಳುಗಳು ಒತ್ತಿದ್ದು."

ನಿನ್ನ ಅಬ್ಬಾ ಪುಸ್ತಕ ನೋಡುತ್ತಿರಲಿಲ್ಲ, ಅಷ್ಟು ಹೊತ್ತೂ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮೆಲ್ಲಗೆ ಹೇಳಿದ, "ಮುನ್ಷಿ ಸಾಬ್ರ, ಆ ಹೆಬ್ಬಟ್ಟು ನನ್ನದ ಐತ್ರಿ. ನಾ ಒಂದಿನಾನೂ ಲಾಯದಾಗ ಕೆಲಸ ಮಾಡಿಲ್ಲ."

"ಹೆಬ್ಬಟ್ಟಿನ ಮ್ಯಾಲ ಹೆಸರು ಬರದಿರ್ತದೇನು?" ಎಂದೆ. ಬರೆದಿತ್ತು. ನನ್ನ ಬೆರಳ ಕೆಳಗೇ ಬರೆದಿತ್ತು. ಬಾಗಿಲಲ್ಲಿದ್ದವರು ಗೊಳ್ಳೆಂದು ನಕ್ಕರು. ಯಾರೋ, "ಮೋಟಾರ್ ಅಲ್ಲಲೇ, ಖಾಸಿಂಸಾಬ ಕುದುರಿ ಓಡಿಸ್ಯಾನ!" ಎಂದರು.

ಆಗ ನೀನು ಅವನ ಮೊಣಕೈ ಹಿಡಿದೆ. "ನಡಿ ಅಬ್ಬಾ. ಸಾಕಿನ್ನ." ಅಷ್ಟೇ. ಆ ಎರಡು ಮಾತು ಆಡಿದ ಹೊತ್ತಿಗೆ ನೀನು ಅವನನ್ನು ನಂಬುವುದನ್ನು ಬಿಟ್ಟಿದ್ದೆ. ಅದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ನಾನು ಪುಸ್ತಕ ಮುಚ್ಚಿ ನಿನ್ನ ಕೈಗೇ ಕೊಟ್ಟೆ. ಕೊಡಲು ಹೆದರಿಕೆ ಏನಿತ್ತು? ಅದನ್ನು ಓದಬಲ್ಲವನು ನಾನೊಬ್ಬನೇ.

ಮೋಟಾರು ಹೊರಟ ದಿನ ನಾನು ಮುಂದಿನ ಸೀಟಿನಲ್ಲಿ ಕರಿ ಕೋಟಿನಲ್ಲಿ ಬೇಯುತ್ತ ಕೂತಿದ್ದೆ, ಕೊರಳಲ್ಲಿ ಚೆಂಡುಹೂವಿನ ಹಾರ. ಓಡಿಸುವವನು ಸುಬ್ಬರಾವನ ಡ್ರೈವರ್. ದಾರಿಯುದ್ದಕ್ಕೂ ಜನ ಕೈಬೀಸುತ್ತಿದ್ದರು. ಇವರಿಗೆ ಯಾವುದಕ್ಕಾದರೂ ಕೈಬೀಸಿದರೆ ಸಾಕು ಎಂದುಕೊಂಡು ನಾನೂ ಬೀಸುತ್ತಿದ್ದೆ. ಮಸ್ಕಿಯ ಏರಿನಲ್ಲಿ ಗಾಡಿ ಬುಸುಗುಟ್ಟತೊಡಗಿತು. ಮೂತಿಯಿಂದ ಹಬೆ. ಡ್ರೈವರ್ ನಿಲ್ಲಿಸಿದ. ಹಿಂದಿನ ಜೀಪಿನಲ್ಲಿದ್ದ ಸಿಂಧನೂರಿನ ಮೆಕ್ಯಾನಿಕ್ ಬಂದು ಬಾನೆಟ್ಟು ಎತ್ತಿ, ಅದು ಇದು ಎಳೆದು, ಕೈ ಸುಟ್ಟುಕೊಂಡು ಹಿಂದೆ ಸರಿದ. ಜನ ಸೇರಿತು.

ನಿನ್ನ ಅಬ್ಬಾನ ಶೆಡ್ಡು ಅಲ್ಲೇ ಹತ್ತಿರ ಇತ್ತಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದವನು ಗುಂಪು ಸರಿಸಿ ಬಂದ. "ಸಾಹುಕಾರ್ರ, ನಾ ನೋಡ್ಲೇನ್ರಿ?"

ಸುಬ್ಬರಾವ್ ಹೂಂ ಅನ್ನುತ್ತಿದ್ದನೋ ಏನೋ. ನಾನು ಬಿಡಲಿಲ್ಲ. "ಬ್ಯಾಡ. ದೂರ ನಿಲ್ಲು," ಎಂದು ಕೆಳಗಿಳಿದೆ. ಇಳಿದವನು ಸುಮ್ಮನಿರಬಹುದಿತ್ತು. ಗಾಡಿ ಅಲ್ಲೇ ಕೆಟ್ಟು ನಿಂತಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅಷ್ಟು ಜನ, ಫೋಟೋದವನು, ನನ್ನ ಹಾರ... ನಾನು ಎಡಗಡೆ ಕೆಳಗೆ ಕೈ ಹಾಕಿದೆ. ಕೊಂಡಿ ಸಿಕ್ಕಿತು, ಕಳಚಿದೆ. "ಒಂದು ಬೇವಿನ ಕಡ್ಡಿ ತರ್ರಿ," ಎಂದೆ. ಜನ್ಮದಲ್ಲಿ ಸೈಕಲ್ಲಿಗೆ ಗಾಳಿ ಹಾಕಿಕೊಳ್ಳದವನು ನಾನು! ರೆಪ್ಪೆಗಳನ್ನು ಎತ್ತಿ ಕಡ್ಡಿ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಹಬೆ ಇಳಿಯಿತು. ಜನ ಚಪ್ಪಾಳೆ ಹೊಡೆದರು. "ಮೋಟಾರ್ ಮುನ್ಷಿ ಮಗಾ ಅಂದ್ರ ಸುಮ್ನ ಏನು!" ಎಂದರು.

ಆ ಕೊಂಡಿಯ ವಿಷಯ ಈ ಸೀಮೆಯಲ್ಲಿ ತಿಳಿದಿದ್ದದ್ದು ಎರಡೇ ಕಡೆ — ನಿನ್ನ ಅಬ್ಬಾನ ತಲೆಯಲ್ಲಿ, ಮತ್ತು ಆ ಪುಸ್ತಕದಲ್ಲಿ. ನಾನು ಮತ್ತೆ ಸೀಟಿನಲ್ಲಿ ಕೂತಾಗ ಅವನು ನನ್ನ ಕಿಟಕಿಯ ಹತ್ತಿರ ಬಂದ. ಜೋರಾಗಿ ಕೂಗಿ ಹೇಳಬಹುದಿತ್ತು. ಕೂಗಲಿಲ್ಲ. ನನ್ನ ಮಾನ ಕಾಯುವಷ್ಟು ಮೆಲ್ಲಗೆ ಹೇಳಿದ.

"ಕುದುರಿ ಔಷಧ ಭಾಳ ಚಲೋ ಓದೀರಿ, ಮುನ್ಷಿ ಸಾಬ್ರ."

ನಾನು ಕೊರಳ ಹಾರ ಸರಿಮಾಡಿಕೊಂಡೆ.

"ಮಂದಿಗೆ ಹೇಳೋದು ಬ್ಯಾಡ್ರಿ. ಈ ಗಾಡೀನೂ ಬ್ಯಾಡ. ನನ್ನ ಮಗಳಿಗೆ ಒಂದು ಮಾತು ಹೇಳ್ರಿ. ಆಕಿಗಷ್ಟ."

ನಾನು ಗಾಜು ಏರಿಸಿದೆ. ಹಳೆಯ ಗಾಡಿಯ ಗಾಜು, ಹಿಡಿ ತಿರುಗಿಸಿ ತಿರುಗಿಸಿ ಏರಿಸಬೇಕು, ಬೇಗ ಏರಲಿಲ್ಲ. ಅಷ್ಟು ಹೊತ್ತೂ ಅವನು ಅಲ್ಲೇ ನಿಂತಿದ್ದ. ಆಮೇಲೆ ಗಾಡಿ ಹೊರಟಿತು. ಸಿಂಧನೂರಿನಲ್ಲಿ ಇನ್ನೊಂದು ಹಾರ ಹಾಕಿದರು.

ಅದಾದ ಮೇಲೆ ಅವನು ಮೂರು ವರ್ಷ ಬದುಕಿದ್ದ. ಮಸ್ಕಿ ನನಗೆಷ್ಟು ದೂರ? ದಿನಕ್ಕೆ ಹತ್ತು ಬಸ್ಸು. ಹೋಗಲಿಲ್ಲ. ‘ಬಂಡಲ್ ಖಾಸಿಂ ಹೋದನಂತೆ’ ಎಂದು ಹೋಟೆಲಿನಲ್ಲಿ ಯಾರೋ ಹೇಳಿದಾಗ ಒಳಗೆ ಹಗುರಾಯಿತು — ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದು ಇನ್ನು ಬೇಡ. ಹಗುರಾಯಿತು.

ಈಗ ನನ್ನ ಕೋಣೆಗೆ ಯಾರೂ ಬರುವುದಿಲ್ಲ. ಹಳೆಯ ಕಾಗದಗಳ ಕಾಲ ಮುಗಿಯಿತು. ಎಲ್ಲರನ್ನೂ ಕೀಳಾಗಿ ನೋಡಿ ಬದುಕಿದವನಿಗೆ ನೋಡಲು ಯಾರೂ ಉಳಿಯದಿದ್ದರೆ, ಕೊನೆಗೆ ತನ್ನನ್ನೇ ನೋಡಿಕೊಳ್ಳಬೇಕಾಗುತ್ತದೆ. ಆದರೆ ಹೋದ ತಿಂಗಳು ನಾನು ಮಸ್ಕಿಗೆ ಬಂದದ್ದು ಪಶ್ಚಾತ್ತಾಪದಿಂದ ಎಂದು ತಿಳಿಯಬೇಡ. ಎಲ್ಲೆಲ್ಲಿಂದಲೋ ಓದಿದವರು ಹಳೆಯ ಬರಹ ಹುಡುಕಿಕೊಂಡು ಊರೂರು ತಿರುಗುತ್ತಿದ್ದಾರೆ ಎಂದು ಕೇಳಿದ್ದೆ. ಆ ಪುಸ್ತಕ ಅಂಥವರ ಕೈಗೆ ಸಿಕ್ಕರೆ? ಹೆದರಿ ಬಂದೆ. ಕೊಂಡುಕೊಂಡಾದರೂ ಒಯ್ದುಬಿಡೋಣ ಎಂದು ಬಂದೆ.

ಚಹಾ ಕುಡಿಯುತ್ತ, ಏನೂ ಗೊತ್ತಿಲ್ಲದವನಂತೆ ಕೇಳಿದೆ. ನೀನು ನಕ್ಕೆ.

"ಅದಾ, ಕಾಕಾ? ಅದನ್ನ ಟಾಂಗಾದವ ಒಯ್ದ. ಅವನ ಕುದುರಿಗೆ ಹೊಟ್ಟಿಬ್ಯಾನಿ ಬಂದಿತ್ತು. ಕುದುರಿ ಔಷಧದ ಪುಸ್ತಕ ನಿಮ್ಮನ್ಯಾಗ ಐತಂತಲ್ಲ ಅಂತ ಕೇಳ್ಕೊಂಡು ಬಂದ. ಓದಾಕ ಯಾರಿಗೂ ಬರಂಗಿಲ್ಲ, ಅದಕ ಒಂದು ಹಾಳಿ ಹರದು ತಾಯತ ಮಾಡಿ ಕೊರಳಿಗೆ ಕಟ್ಟಿದ. ಆರಾಮಾತಂತ್ರಿ! ಆಮ್ಯಾಲ ಬ್ಯಾರೇ ಟಾಂಗಾದೋರೂ ಬಂದ್ರು. ಒಂದೊಂದು ಹಾಳಿ ಒಂದೊಂದು ಕುದುರಿಗೆ ಹೋತು. ರಟ್ಟು ಅಷ್ಟ ಉಳದೈತಿ."

ನಾನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದೆ.

"ನೀವು ಓದಿ ಹೇಳಿದ್ದಕ್ಕ ಅದು ನಾಕ್ ಮಂದಿಗೆ ಉಪಯೋಗ ಆತು ನೋಡ್ರಿ," ಎಂದೆ ನೀನು. ನನಗೆ ಉಪಕಾರ ಹೇಳುವ ದನಿಯಲ್ಲಿ. ಆಮೇಲೆ ನೂಲು ಕಡಿಯುತ್ತ, ನನ್ನ ಕಡೆ ನೋಡದೆ ಹೇಳಿದೆ, "ಅಬ್ಬಾ ಸಾಯೋ ಮುಂದೂ ಅದನ್ನ ಹೇಳ್ತಿದ್ದ, ಕಾಕಾ. ನಾ ಓಡಿಸೀನಿ, ರಶೀದಾ, ನಾ ಓಡಿಸೀನಿ ಅಂತ. ಆತು, ಮಕ್ಕೋ ಅಂದೆ. ನಂಬೀನಿ ಅಂತ ಒಂದು ಮಾತು ಅನ್ನಲಿಲ್ಲ. ಸುಳ್ಳಿಗೆ ಯಾಕ ಹೂಂ ಅನ್ಲಿ ಅನಿಸ್ತು."

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ. "ಚಹಾ ಚಲೋ ಆಗೇತಿ" ಎಂದೆ. ನಿನ್ನ ಮನೆಯ ಮೆಟ್ಟಿಲಿಳಿದು ಬಸ್ಸು ಹತ್ತಿದೆ.

ಆ ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ನನ್ನನ್ನು ಉಳಿಸಿಕೊಳ್ಳುವ ಮಾತು ನುಸುಳುತ್ತದೆ — ತಂದೆಯ ಮಾನ, ಮನೆಯ ಹೆಸರು, ವಯಸ್ಸು. ಎಲ್ಲ ಹೊಡೆದು ಹಾಕಿದ್ದೇನೆ. ತಂದೆ ಸತ್ತಿದ್ದರು, ಮಾನ ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ನನಗೆ.

ಪುಸ್ತಕ ಹೋಯಿತು. ನಾನು ಹೇಳುವುದಕ್ಕೆ ಇನ್ನು ಯಾವ ಸಾಕ್ಷಿಯೂ ಇಲ್ಲ. ಬದುಕಿದ್ದಷ್ಟು ದಿನ ನಿನ್ನ ಅಬ್ಬಾ ಹೇಗಿದ್ದನೋ ಈಗ ನಾನು ಹಾಗೆ ಇದ್ದೇನೆ. ಮುದುಕನಿಗೆ ಅರುಳು ಮರುಳು ಎನ್ನುತ್ತಾರೆ, ಬಂಡಲ್ ಎನ್ನುತ್ತಾರೆ. ಅನ್ನಲಿ. ಕ್ಷಮಿಸೆಂದು ನಾನು ಕೇಳುವುದಿಲ್ಲ. ಕೇಳಬೇಕಾದದ್ದು ಅವನನ್ನು, ಅವನು ಕಿಟಕಿಯ ಹತ್ತಿರ ನಿಂತಿದ್ದಾಗ.

ಬರುವ ಶುಕ್ರವಾರ, ನಮಾಜು ಮುಗಿದು ಜನ ಹೊರಗೆ ಬರುವ ಹೊತ್ತಿಗೆ ನಾನು ಮಸ್ಕಿಯಲ್ಲಿ ನಿಮ್ಮ ಓಣಿಯ ಬಾಯಲ್ಲಿ ಬಂದು ನಿಲ್ಲುತ್ತೇನೆ. ಆ ಪುಸ್ತಕದಲ್ಲಿದ್ದದ್ದು ಸಾಲು ಸಾಲಾಗಿ ನನಗೆ ನೆನಪಿದೆ. ಮೊದಲ ದಿನದಿಂದ ನಾಲ್ಕನೇ ದಿನದ ತನಕ ಹೇಳುತ್ತೇನೆ, ನನ್ನ ತಂದೆ ಆಳಿನ ಹೆಗಲೇರಿದ್ದನ್ನೂ ಬಿಡದೆ ಹೇಳುತ್ತೇನೆ. ನೀನು ಹೊರಗೆ ಬರಬೇಕೆಂದಿಲ್ಲ. ನನ್ನ ಮುಖ ನೋಡಬೇಕೆಂದಿಲ್ಲ. ಬಾಗಿಲು ಹಾಕಿಕೊಂಡಿದ್ದರೂ ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.